ಚೀಲದ ಬಾಯಿ ಬೆಸೆಯುವ ಮುನ್ನ



ಹಗೇವು ಎಂಬ ಮಾತನ್ನು ಇಂದಿನ ಮಕ್ಕಳು ಕೇಳಿರಲಾರರು. ಮನೆಯ ಹಿರಿಯರನ್ನು ಕೇಳಿ ನೋಡಿ, ಹೇಳುತ್ತಾರೆ. ನೆಲದಲ್ಲಿ ಆಳವಾಗಿ ಗುಂಡಿ ತೋಡಿ, ಒಳಗೆ ಹುಲ್ಲು ಹಾಸಿ, ಚೆನ್ನಾಗಿ ಒಣಗಿದ ರಾಗಿಯನ್ನು ತುಂಬಿ, ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮೆತ್ತಿ ಮುಚ್ಚುತ್ತಿದ್ದರು. ವರ್ಷಗಟ್ಟಲೆ ರಾಗಿ ಹಾಗೇ ಉಳಿಯುತ್ತಿತ್ತು. ಹಗೇವು ತೆಗೆದ ದಿನ ಮಾತ್ರ ಯಾರೂ ತಟ್ಟನೆ ಒಳಕ್ಕೆ ಇಳಿಯುತ್ತಿರಲಿಲ್ಲ. ಮೊದಲು ಹಗ್ಗದಲ್ಲಿ ದೀಪ ಇಳಿಬಿಡುವುದು. ದೀಪ ಆರಿತೋ, "ತಡೀರಪ್ಪ, ಇನ್ನೂ ಗಾಳಿ ಆಡಬೇಕು" ಎಂದು ಹಿರಿಯರು ತಡೆಯುತ್ತಿದ್ದರು.

ದೀಪ ಏಕೆ ಆರುತ್ತಿತ್ತು? ಒಳಗಿದ್ದ ಕಾಳೂ, ಕಾಳಿನಲ್ಲಿದ್ದ ಹುಳುವೂ ಉಸಿರಾಡಿ ಉಸಿರಾಡಿ ಗಾಳಿಯಲ್ಲಿದ್ದ ಆಮ್ಲಜನಕವನ್ನು ಮುಗಿಸಿರುತ್ತಿದ್ದವು. ಉಳಿಯುತ್ತಿದ್ದುದು ಇಂಗಾಲದ ಅನಿಲ. ಆ ಗಾಳಿಯಲ್ಲಿ ಹುಳು ಬದುಕದು, ದೀಪ ಉರಿಯದು, ಮನುಷ್ಯನೂ ಉಳಿಯನು. ಒಣ ರಾಗಿ ಮಾತ್ರ ನಿದ್ದೆ ಹೋದ ಹಾಗೆ ಸುಮ್ಮನೆ ಇರುತ್ತಿತ್ತು. ಬಾಯಿ ಭದ್ರವಾಗಿ ಮುಚ್ಚುವ ವಿದ್ಯೆ ನಮ್ಮ ಹಳ್ಳಿಗೆ ಹೊಸದಲ್ಲ ಎಂದು ಹೇಳುವುದಕ್ಕೆ ಈ ಮಾತು ತೆಗೆದೆ.

ಇಂದು ನಾನು ತಿಳಿಸಬೇಕೆಂದಿರುವುದು ಹಸಿ ಪದಾರ್ಥವನ್ನು ಚೀಲಕ್ಕೆ ಹಾಕಿ ಬಾಯಿ ಬೆಸೆದು ಮಾರುವ ವಿಷಯ. ಸುಲಿದ ಅವರೆಕಾಳು, ಬಿಡಿಸಿದ ಹಲಸಿನ ತೊಳೆ, ಸೋಸಿದ ಸೊಪ್ಪು, ಹೆಚ್ಚಿದ ತರಕಾರಿ, ಇವನ್ನೆಲ್ಲ ಪೇಟೆಯವರು ಈಗ ಪೊಟ್ಟಣದಲ್ಲೇ ಕೇಳುತ್ತಾರೆ. ಸುಲಿಯುವ ಕೂಲಿ, ಬಿಡಿಸುವ ಕೂಲಿ ಪೇಟೆಯ ಅಂಗಡಿಯವನಿಗೆ ಹೋಗುವ ಬದಲು ನಮ್ಮ ಹಳ್ಳಿಯ ಹೆಂಗಸರಿಗೇ ಸಿಗಬಹುದು. ಆದರೆ ಹಗೇವಿನ ಪಾಠವನ್ನು ಅರ್ಧ ಮಾತ್ರ ಕಲಿತರೆ ಲಾಭವಿರಲಿ, ಅಸಲೂ ಹೋಗುತ್ತದೆ. ನಾನೇ ಒಮ್ಮೆ ಹಾಗೆ ಅರ್ಧ ಕಲಿತು, ನಾಲ್ಕು ಮನೆಯವರಿಗೆ ನಷ್ಟ ಮಾಡಿಸಿದವನು.

ನಾನು ಕೆಲಸಕ್ಕೆ ಸೇರಿದ ಹೊಸತು. ಧನುರ್ಮಾಸ, ಅವರೆಯ ಸುಗ್ಗಿ. ನನ್ನ ವೃತ್ತದ ಒಂದು ಊರಿನಲ್ಲಿ ಮಹಿಳಾ ಸಂಘದವರು ಅವರೆಕಾಯಿ ಸುಲಿದು ಬೆಂಗಳೂರಿಗೆ ಕಳಿಸಬೇಕೆಂದು ಹೊರಟರು. ಡಿಪ್ಲೊಮಾ ಓದಿ ಬಂದ ಹುಮ್ಮಸ್ಸು ನನಗೆ. "ಚೀಲದ ಬಾಯಿ ಗಾಳಿ ಆಡದ ಹಾಗೆ ಬೆಸೆಯಿರಿ, ಸೊಗಡು ಹೊರಗೆ ಹೋಗಬಾರದು" ಎಂದೆ. ಅವರೂ ಹಾಗೇ ಮಾಡಿದರು. ಮಧ್ಯಾಹ್ನದ ಬಿಸಿಲಿನಲ್ಲಿ ಸುಲಿದ ಕಾಳನ್ನು ಅದೇ ಬಿಸಿಯಲ್ಲಿ ತುಂಬಿ, ಬಾಯಿ ಬೆಸೆದು, ಒಂದರ ಮೇಲೊಂದು ಪೆಟ್ಟಿಗೆ ಪೇರಿಸಿ, ರಾತ್ರಿ ಗಾಡಿಗೆ ಹಾಕಿದೆವು. ಬೆಳಿಗ್ಗೆ ಅಂಗಡಿಯವರ ಫೋನು. ನಾವು ಹೋಗಿ ನೋಡಿದರೆ ಚೀಲಗಳ ಒಳಗೆಲ್ಲ ನೀರ ಹನಿ, ಕಾಳು ಜಿಬ್ಬು ಜಿಬ್ಬು, ಕತ್ತರಿಸಿ ಮೂಸಿದರೆ ಹುಳಿ ನಾತ. ಸಂಘದ ಹಿರಿಯಾಕೆ ನನ್ನನ್ನು ಬೈಯಲಿಲ್ಲ. "ಅಯ್ಯೋ, ಇದ್ಯಾಕೆ ಸ್ವಾಮಿ ಹಿಂಗಾತು? ಬಾಯಿ ಗಟ್ಟಿಯಾಗೇ ಐತಲ್ಲ!" ಎಂದಷ್ಟೇ ಕೇಳಿದರು. ಆ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಇಂದು ಹೇಳುತ್ತೇನೆ, ಕೇಳಿ.

ಕಿತ್ತ ಕಾಯಿ ಸತ್ತ ಕಾಯಲ್ಲ. ಗಿಡದಿಂದ ಬಿಡಿಸಿದ ಮೇಲೂ ಅದು ಉಸಿರಾಡುತ್ತಲೇ ಇರುತ್ತದೆ. ಆಮ್ಲಜನಕವನ್ನು ಒಳಗೆ ಎಳೆದುಕೊಂಡು ಇಂಗಾಲದ ಅನಿಲ, ನೀರಿನ ಹಬೆ, ಜೊತೆಗೆ ಶಾಖ ಇವನ್ನು ಹೊರಗೆ ಬಿಡುತ್ತದೆ. ನಮ್ಮ ಸುತ್ತಣ ಗಾಳಿಯಲ್ಲಿ ನೂರಕ್ಕೆ ಸುಮಾರು 21 ಪಾಲು ಆಮ್ಲಜನಕ. ಚೀಲವನ್ನು ಪೂರಾ ಮುಚ್ಚಿದರೆ ಆ ಆಮ್ಲಜನಕ ಮುಗಿದುಹೋಗುತ್ತದೆ. ಮುಗಿದ ಮೇಲೂ ಕಾಳು ಸುಮ್ಮನಿರದು. ಗಾಳಿಯಿಲ್ಲದೆ ಬದುಕಲು ಹೆಣಗುತ್ತದೆ. ಆಗ ಹುಟ್ಟುವುದೇ ಹೆಂಡದಂಥ ಹುಳಿ ವಾಸನೆ. ರಾಗಿ ಒಣಗಿದ್ದರಿಂದ ಅದರ ಉಸಿರು ಬಹಳ ನಿಧಾನ, ಹಗೇವಿನಲ್ಲಿ ಕೆಡಲಿಲ್ಲ. ಹಸಿ ಅವರೆಗೆ ಉಸಿರು ಜೋರು, ಚೀಲದಲ್ಲಿ ಕೆಟ್ಟಿತು.

ಎರಡನೆಯ ತಪ್ಪು ಶಾಖದ್ದು. ಹತ್ತು ಡಿಗ್ರಿ ಶಾಖ ಏರಿದರೆ ತರಕಾರಿಯ ಉಸಿರಾಟ ಎರಡು ಪಟ್ಟು, ಕೆಲವು ಸಲ ಮೂರು ಪಟ್ಟು ಏರುವುದುಂಟು. ಬಿಸಿಲಿನ ಕಾಳನ್ನು ಬಿಸಿಯಾಗಿಯೇ ಮುಚ್ಚಿದುದರಿಂದ ಕಾಳು ಬೇಗ ಬೇಗ ಉಸಿರಾಡಿತು. ರಾತ್ರಿ ಚೀಲ ತಣ್ಣಗಾದಾಗ ಒಳಗಿನ ಹಬೆ ನೀರಾಗಿ ಇಳಿಯಿತು. ನೀರು ಬಿದ್ದ ಕಡೆ ಬೂಷ್ಟು, ಕೊಳೆ.

ಆದುದರಿಂದ ಬಾಯಿ ಬೆಸೆಯುವ ಮುನ್ನ ಒಳಗಿರುವ ಪದಾರ್ಥ ಯಾವ ಜಾತಿಯದೆಂದು ನೋಡಿಕೊಳ್ಳಬೇಕು.

ಒಣ ಪದಾರ್ಥ: ರಾಗಿ, ಹುರುಳಿ, ಒಣಗಿದ ಅಲಸಂದೆ, ಹಪ್ಪಳ, ಸಂಡಿಗೆ, ಸಾರಿನ ಪುಡಿ. ಇವನ್ನು ಚೆನ್ನಾಗಿ ಒಣಗಿಸಿ ಪೂರಾ ಗಾಳಿ ಆಡದಂತೆ ಮುಚ್ಚಬಹುದು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು 1980ರ ದಶಕದ ಕೊನೆಯಲ್ಲಿ ಆಫ್ರಿಕದ ಕ್ಯಾಮರೂನ್ ದೇಶದ ರೈತರ ಅಲಸಂದೆಗಾಗಿ ಒಂದರೊಳಗೊಂದು ಮೂರು ಚೀಲದ ಏರ್ಪಾಡು ಮಾಡಿದರು. ಒಳಗೆ ಎರಡು ಪಾಲಿಥಿನ್ ಚೀಲ, ಹೊರಗೆ ಒಂದು ಹೆಣೆದ ಚೀಲ. ಔಷಧ ಹೊಡೆಯದೆಯೇ ಹುಳು ಸಾಯುತ್ತದೆ. ನಮ್ಮ ಹಗೇವಿನ ಯುಕ್ತಿಯೇ ಅದು, ಚೀಲದ ರೂಪದಲ್ಲಿ.

ಹಸಿಯಾಗಿ ಉಸಿರಾಡುವ ಪದಾರ್ಥ: ಸುಲಿದ ಅವರೆ, ಬಟಾಣಿ, ಬೀನ್ಸ್, ಸೊಪ್ಪು, ದೊಣ್ಣೆ ಮೆಣಸಿನಕಾಯಿ. ಇವುಗಳ ಚೀಲದ ಅಂಚು ಭದ್ರವಾಗಿರಬೇಕು, ಮೈಯಲ್ಲಿ ಮಾತ್ರ ಉಸಿರಿಗೆ ದಾರಿ ಇರಬೇಕು. ಅದಕ್ಕೇ ಸಣ್ಣ ತೂತಿನ ಚೀಲ. ತೂತು ಹೆಚ್ಚಾದರೆ ಕಾಯಿ ಬಾಡುತ್ತದೆ, ಕಡಿಮೆಯಾದರೆ ಹುಳಿಯುತ್ತದೆ. ಸರಿಯಾಗಿ ಬಿದ್ದರೆ ಒಳಗಿನ ಆಮ್ಲಜನಕ ಸ್ವಲ್ಪ ಇಳಿದು, ಕಾಯಿ ನಿಧಾನವಾಗಿ ಉಸಿರಾಡುತ್ತಾ ಹಸುರಾಗಿ ಉಳಿಯುತ್ತದೆ.

ಸುಲಿದು ಹೆಚ್ಚಿದ ಪದಾರ್ಥ: ಹಲಸಿನ ತೊಳೆ, ಹಿತಕಿದ ಬೇಳೆ, ಹೆಚ್ಚಿದ ತರಕಾರಿ. ಇವುಗಳ ಸಿಪ್ಪೆಯ ರಕ್ಷಣೆ ಹೋಗಿರುತ್ತದೆ. ತಂಪು ಪೆಟ್ಟಿಗೆ ಇಲ್ಲದೆ ಇವನ್ನು ದೂರಕ್ಕೆ ಕಳಿಸಬೇಡಿ. ತಂಪು ಇಲ್ಲದಿದ್ದರೆ ಬೆಸುಗೆ ಎಷ್ಟು ಚೆನ್ನಾಗಿದ್ದರೂ ಏನೂ ಮಾಡಲಾರದು.

ಇನ್ನು ಅಣಬೆಯ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಅಣಬೆಯನ್ನು ಗಾಳಿ ಆಡದ ಹಾಗೆ ಎಂದೂ ಮುಚ್ಚಕೂಡದು. ಮಣ್ಣಿನಲ್ಲಿ ಇರುವ ಒಂದು ಬಗೆಯ ಸೂಕ್ಷ್ಮಜೀವಿ, ಬೊಟುಲಿನಮ್ ಎಂಬುದು, ಗಾಳಿಯಿಲ್ಲದ, ಬೆಚ್ಚಗಿನ, ತೇವದ ಜಾಗದಲ್ಲಿ ಬೆಳೆದು ಪ್ರಾಣ ತೆಗೆಯುವ ವಿಷವನ್ನು ಉಂಟುಮಾಡುತ್ತದೆ. ನೋಟಕ್ಕೂ ವಾಸನೆಗೂ ಅದು ಕೆಲವು ಸಲ ತಿಳಿಯುವುದೇ ಇಲ್ಲ. ಇದೇ ಕಾರಣದಿಂದ, ಬೇಯಿಸಿದ ಸಾರು ಪಲ್ಯಗಳನ್ನು ಮನೆಯಲ್ಲಿ ಚೀಲಕ್ಕೆ ಹಾಕಿ ಬೆಸೆದು, ಹೊರಗಿಟ್ಟು ಮಾರುವ ಸಾಹಸಕ್ಕೆ ಹೋಗಬೇಡಿ. ಅಂಗಡಿಯಲ್ಲಿ ಸಿಗುವ ಸಿದ್ಧ ಊಟದ ಪೊಟ್ಟಣಗಳನ್ನು ಬೆಸೆದ ಮೇಲೆ ಒತ್ತಡದ ಪಾತ್ರೆಯಲ್ಲಿ ಸುಮಾರು 121 ಡಿಗ್ರಿ ಶಾಖದಲ್ಲಿ ಕಾಯಿಸಿರುತ್ತಾರೆ. ಅದು ಕಾರ್ಖಾನೆಯ ಕೆಲಸ.

ಈಗ ಬೆಸುಗೆಯ ಮಾತಿಗೆ ಬರೋಣ. ಮೇಣದ ಬತ್ತಿ ಹಚ್ಚಿ, ಗರಗಸದ ಹಳೆಯ ಅಲಗಿಗೆ ಚೀಲದ ಬಾಯಿ ಮಡಿಸಿ, ಉರಿಗೆ ತಾಗಿಸಿ ಅಂಟಿಸುವುದನ್ನು ನೀವು ಕಂಡಿದ್ದೀರಿ. ಕೆಲವೆಡೆ ಗಟ್ಟಿಯಾಗುತ್ತದೆ, ಕೆಲವೆಡೆ ಸುಟ್ಟು ತೂತಾಗುತ್ತದೆ. ಏಕೆಂದರೆ ಒಳ್ಳೆಯ ಬೆಸುಗೆಗೆ ಮೂರು ಸೇರಬೇಕು: ಶಾಖ, ಒತ್ತು, ಹೊತ್ತು. ಸಾಧಾರಣ ಮೆತ್ತನೆಯ ಪಾಲಿಥಿನ್ ಸುಮಾರು 110 ಡಿಗ್ರಿಯಲ್ಲಿ ಕರಗುತ್ತದೆ. ಪರಪರ ಎನ್ನುವ ಪಾಲಿಪ್ರೊಪಿಲಿನ್‌ಗೆ ಸುಮಾರು 160 ಡಿಗ್ರಿ ಬೇಕು. ಎರಡು ಪದರವೂ ಕರಗಿ, ಒತ್ತಿಗೆ ಒಂದರಲ್ಲೊಂದು ಸೇರಿ, ಒತ್ತು ಬಿಡುವ ಮುಂಚೆಯೇ ಆರಬೇಕು. ಕರಗಿದ್ದಾಗಲೇ ಕೈ ಬಿಟ್ಟರೆ ಬೆಸುಗೆ ಎಳೆದುಕೊಳ್ಳುತ್ತದೆ.

ಕೈಯಿಂದ ಒತ್ತುವ ಸೀಲಿಂಗ್ ಯಂತ್ರ ಇದನ್ನೇ ಮಾಡುತ್ತದೆ. ಒಳಗೆ ಒಂದು ತಂತಿಯ ಪಟ್ಟಿ ಉಂಟು. ಹಿಡಿ ಒತ್ತಿದಾಗ ಕ್ಷಣಕಾಲ ವಿದ್ಯುತ್ತು ಹರಿದು ಕಾಯುತ್ತದೆ, ದೀಪ ಆರುತ್ತದೆ. ಆಮೇಲೆ ಎರಡು ಮೂರು ಎಣಿಸುವ ತನಕ ಹಿಡಿಯನ್ನು ಒತ್ತಿಯೇ ಇರಬೇಕು. ನಮ್ಮವರು ಅವಸರ ಮಾಡುವುದು ಇಲ್ಲೇ. ಈ ಯಂತ್ರ ಅಡುಗೆಮನೆಯ ಮಿಕ್ಸಿಗಿಂತ ಕಡಿಮೆ ಬೆಲೆಗೆ ಸಿಗುವುದುಂಟು. ಪಟ್ಟಿಯ ಮೇಲಿನ ಜಾರುಬಟ್ಟೆ ಸುಟ್ಟಿದ್ದರೆ ಬದಲಿಸಿಕೊಳ್ಳಿ.

ಎಲ್ಲಕ್ಕೂ ಮೊದಲು ಚೀಲದ ತುಟಿ ಶುಚಿಯಾಗಿಯೂ ಒಣಗಿಯೂ ಇರಬೇಕು. ತುಟಿಯಲ್ಲಿ ನೀರು ಇದ್ದರೆ ಅದು ಹಬೆಯಾಗಿ ಬೆಸುಗೆಯೊಳಗೆ ಗುಳ್ಳೆ ಮಾಡುತ್ತದೆ. ಅವರೆಯ ಸೊನೆ, ಸೊಪ್ಪಿನ ಎಸಳು, ಎಣ್ಣೆ ಜಿಡ್ಡು ಇದ್ದರೆ ಎರಡು ಪದರ ಕೂಡುವುದೇ ಇಲ್ಲ. ತುಂಬುವಾಗ ಅಗಲ ಬಾಯಿಯ ಆಲಿಕೆ ಇಟ್ಟು ತುಂಬಿ, ತುಟಿಯನ್ನು ಒಣ ಬಟ್ಟೆಯಿಂದ ಒರೆಸಿ, ಸುಕ್ಕಿಲ್ಲದೆ ಎಳೆದು ಬೆಸೆಯಿರಿ. ಒಂದು ಸುಕ್ಕು ಎಂದರೆ ಒಂದು ಕಾಲುವೆ ಎಂದೇ ತಿಳಿಯಿರಿ.

ಬೆಸುಗೆ ಸರಿಯಾಯಿತೇ ಎಂದು ನೋಡುವ ಬಗೆ ಸುಲಭ. ತೂತಿಲ್ಲದ ಒಂದು ಚೀಲವನ್ನು ಬೆಸೆದು, ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ, ಮೆಲ್ಲಗೆ ಅದುಮಿ. ಗುಳ್ಳೆ ಬಂದರೆ ಸೋರುತ್ತದೆ. ಇನ್ನೊಂದನ್ನು ಆರಲು ಬಿಟ್ಟು ಎರಡೂ ಕಡೆಯಿಂದ ಎಳೆಯಿರಿ. ಬೆಸುಗೆ ಬಿಚ್ಚಿಕೊಂಡರೆ ಶಾಖ ಸಾಲದು. ಬೆಸುಗೆಯ ಪಕ್ಕದಲ್ಲೇ ಕತ್ತರಿಸಿದಂತೆ ಹರಿದರೆ ಶಾಖ ಹೆಚ್ಚಾಯಿತು. ಚೀಲವೇ ಹಿಗ್ಗಿ ಬೆಸುಗೆ ನಿಂತರೆ ಸರಿ. ದಿನದ ಕೆಲಸ ಹಿಡಿಯುವ ಮೊದಲೂ, ನಡುವೆ ಒಂದು ಸಲವೂ ಈ ಪರೀಕ್ಷೆ ಮಾಡಬೇಕು. ವಿದ್ಯುತ್ತು ಏರುಪೇರಾದರೆ ಬೆಸುಗೆಯೂ ಏರುಪೇರಾಗುತ್ತದೆ.

ತೂತು ಎಷ್ಟಿರಬೇಕು ಎಂದು ಕೇಳುವಿರಿ. ಅದು ಬೆಳೆ, ತೂಕ, ಹಾಳೆಯ ದಪ್ಪ, ಹವೆ ಇವನ್ನು ನೋಡಿಕೊಂಡು ಹೇಳುವ ಮಾತು. ಒಂದು ದಿನ ಮೂರು ಚೀಲ ಮಾಡಿ: ಒಂದಕ್ಕೆ ತೂತಿಲ್ಲ, ಒಂದಕ್ಕೆ ನಾಲ್ಕು ಸಣ್ಣ ತೂತು, ಒಂದಕ್ಕೆ ಎಂಟು. ಕಾಳನ್ನು ಮೊದಲು ನೆರಳಿನಲ್ಲಿ ಹರಡಿ ತಣಿಸಿ, ಒಂದೇ ತೂಕ ತುಂಬಿ, ಮೂರನ್ನೂ ಪೇಟೆಯ ಅಂಗಡಿಯ ಹಾಗೇ ಇಡಿ. ಬೆಳಿಗ್ಗೆ ಸಂಜೆ ಬೆವರು, ಬಾಡು, ವಾಸನೆ ನೋಡಿ ಒಂದು ಪುಸ್ತಕದಲ್ಲಿ ಬರೆಯಿರಿ. ಎರಡು ದಿನದ ಈ ಕೆಲಸ ಮಾಡದೆ ನೂರು ಚೀಲ ಕಳಿಸಿದರೆ ನನ್ನ ಹಾಗೆ ಪೇಚಾಡಬೇಕಾಗುತ್ತದೆ.

ಇನ್ನು ಹೊಸದಾಗಿ ಬಂದಿರುವ ವಿದ್ಯೆಗಳು. ಒಂದು, ಶಬ್ದದಿಂದ ಬೆಸೆಯುವುದು. ಮನುಷ್ಯನ ಕಿವಿಗೆ ಸೆಕೆಂಡಿಗೆ 20,000 ಕಂಪನದ ತನಕ ಕೇಳಿಸೀತು. ಅದಕ್ಕೂ ಮೇಲಿನ, 20,000ದಿಂದ 35,000ದವರೆಗಿನ ಕಂಪನವನ್ನು ಒಂದು ಲೋಹದ ಅಚ್ಚಿಗೆ ಕೊಟ್ಟು ಚೀಲದ ಬಾಯಿಯ ಮೇಲೆ ಒತ್ತುತ್ತಾರೆ. ಅಚ್ಚು ಕಾಯುವುದಿಲ್ಲ, ಎರಡು ಪದರದ ನಡುವೆಯೇ ಅಲುಗಾಟದಿಂದ ಶಾಖ ಹುಟ್ಟಿ ಬೆಸುಗೆ ಬೀಳುತ್ತದೆ. ಈ ಅಲುಗಾಟಕ್ಕೆ ತುಟಿಯಲ್ಲಿದ್ದ ನೀರು, ಸೊಪ್ಪಿನ ಎಸಳು ಪಕ್ಕಕ್ಕೆ ಸರಿಯುತ್ತವೆ. ಒದ್ದೆ ಸೊಪ್ಪು ತುಂಬುವವರಿಗೆ ಇದು ದೊಡ್ಡ ಅನುಕೂಲ. ಬೆಸುಗೆ ಕಿರಿದಾಗಿ ಬೀಳುವುದರಿಂದ ಹಾಳೆಯೂ ಉಳಿಯುತ್ತದೆ. ಯಂತ್ರ ಮಾತ್ರ ದುಬಾರಿ. ಹಾಳೆ ಬದಲಾದಾಗಲೆಲ್ಲ ಹದ ಮಾಡಬೇಕು. ಎರಡನೆಯದು, ಲೇಸರ್ ಕಿರಣದಿಂದ ಕಣ್ಣಿಗೆ ಕಾಣದಷ್ಟು ಸಣ್ಣ ತೂತು ಕೊರೆದ ಹಾಳೆ. ಮೂರನೆಯದು, ಒಂದೊಂದೇ ಕಾಯಿಗೆ ತೆಳು ಹಾಳೆ ಸುತ್ತಿ ಬಿಸಿ ಗಾಳಿಯಲ್ಲಿ ಸುರುಟಿಸಿ ಮೈಗೆ ಅಂಟಿಸುವುದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ದಾಳಿಂಬೆಯಂಥ ಬೆಳೆಗಳ ಮೇಲೆ ಈ ಕೆಲಸ ನಡೆದಿದೆ.

ಇವನ್ನೆಲ್ಲ ಒಂದು ಮನೆಯವರು ಕೊಳ್ಳಲು ಹೋಗಬಾರದು. ದಿನವೂ ಸಾವಿರಾರು ಚೀಲ ತುಂಬುವ ರೈತ ಉತ್ಪಾದಕ ಕಂಪನಿಗೆ ಅದು ತಕ್ಕುದು. ಮನೆಗೆ ಕೈಯಂತ್ರ, ಸಂಘಕ್ಕೆ ಪಟ್ಟಿಯ ಮೇಲೆ ಚೀಲ ತಾನೇ ಸಾಗಿ ಬೆಸೆಯುವ ಯಂತ್ರ, ಕಂಪನಿಗೆ ಹೊಸ ಯಂತ್ರ: ಹೀಗೆ ಮೆಟ್ಟಿಲು ಹತ್ತಿರಿ.

ಲಾಭದ ಲೆಕ್ಕವನ್ನು ಒಮ್ಮೆ ಹಾಕೋಣ. ಈ ಅಂಕಿ ಉದಾಹರಣೆಗೆ ಮಾತ್ರ. ನಿಮ್ಮ ಅಂಕಿ ನೀವು ಹಾಕಿಕೊಳ್ಳಿ. ಒಂದು ಚೀಲಕ್ಕೆ ಕಾಳು, ಕೂಲಿ, ಚೀಲ, ಸಾಗಾಟ ಎಲ್ಲ ಸೇರಿ 44 ರೂಪಾಯಿ ಖರ್ಚು, 50 ರೂಪಾಯಿಗೆ ಮಾರಾಟ. ನೂರು ಚೀಲಕ್ಕೆ 600 ರೂಪಾಯಿ ಲಾಭ. ಅದರಲ್ಲಿ ಐದು ಚೀಲ ಸೋರಿ ವಾಪಸು ಬಂದವೆನ್ನಿ. ಮಾರಿದ್ದು 95, ಬಂದದ್ದು 4,750, ಖರ್ಚು 4,400. ಉಳಿದದ್ದು 350. ಹನ್ನೆರಡು ಚೀಲ ಕೆಟ್ಟರೆ? ಬಂದದ್ದೂ 4,400, ಖರ್ಚೂ 4,400. ಇಡೀ ದಿನದ ದುಡಿಮೆಗೆ ಸೊನ್ನೆ. "ಅಷ್ಟು ಚೀಲ ಹೋದ್ರೆ ಹೋಗ್ಲಿ ಬಿಡಿ" ಎನ್ನುವವರು ಈ ಲೆಕ್ಕವನ್ನು ನೆನಪಿಡಬೇಕು. ಹಾಗೆಯೇ ಎಂಟು ಕಡಿಮೆಯಾಗಿ ನಾಲ್ಕೇ ಚೀಲ ಕೆಡುವಂತಾದರೆ, ಬೆಲೆ ಏರಿಸದೆಯೇ 400 ರೂಪಾಯಿ ಕೈಗೆ ಬರುತ್ತದೆ.

ಕಾನೂನಿನ ಕಡೆಗೂ ಗಮನ ಬೇಕು. 2006ರ ಆಹಾರ ಸುರಕ್ಷತೆ ಕಾಯಿದೆಯಂತೆ ಆಹಾರ ಪದಾರ್ಥ ತಯಾರಿಸಿ ಪೊಟ್ಟಣ ಮಾಡಿ ಮಾರುವ ಸಣ್ಣವರೂ ನೋಂದಣಿ ಮಾಡಿಸಬೇಕು. ಚೀಲದ ಮೇಲೆ ಪದಾರ್ಥದ ಹೆಸರು, ತೂಕ, ತುಂಬಿದ ದಿನ, ಎಷ್ಟರೊಳಗೆ ಬಳಸಬೇಕೆಂಬುದು, ಬೆಲೆ, ನಿಮ್ಮ ವಿಳಾಸ, ನೋಂದಣಿ ಸಂಖ್ಯೆ ಇರಲಿ. ಆಹಾರಕ್ಕೆ ತಕ್ಕ ಹೊಸ ಹಾಳೆಯ ಚೀಲವನ್ನೇ ಕೊಳ್ಳಿ. ಗೊಬ್ಬರದ, ಔಷಧದ ಹಳೆಯ ಚೀಲ ಸಲ್ಲದು. ಕತ್ತರಿಸಿದ ಅಂಚು, ಕೆಟ್ಟ ಚೀಲಗಳನ್ನು ತಿಪ್ಪೆಗೆ ಎಸೆಯಬೇಡಿ. ತರಕಾರಿಯ ವಾಸನೆಗೆ ಹಸು ಅದನ್ನು ತಿಂದು, ಹೊಟ್ಟೆ ಕಟ್ಟಿ ಸಾಯುತ್ತದೆ. ಒಂದು ಗೋಣಿಯಲ್ಲಿ ಕೂಡಿಸಿ ಪಂಚಾಯಿತಿಯ ಕಸದ ಗಾಡಿಗೆ ಕೊಡಿ.

ಕಲಿಯುವವರಿಗೆ ನಮ್ಮ ನಾಡಿನಲ್ಲಿ ಜಾಗ ಉಂಟು. ಮೈಸೂರಿನ ಚೆಲುವಾಂಬ ವಿಲಾಸದಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ಚೀಲ, ಬೆಸುಗೆ, ಬಾಳಿಕೆ ಇವುಗಳ ಪರೀಕ್ಷೆಯೂ ತರಬೇತಿಯೂ ನಡೆಯುತ್ತವೆ. ಸಣ್ಣ ಆಹಾರ ಉದ್ಯಮಗಳಿಗೆಂದು ಕೇಂದ್ರ ಸರ್ಕಾರ 2020ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಬ್ಯಾಂಕು ಸಾಲದ ಜೊತೆಗೆ ವೆಚ್ಚದ ನೂರಕ್ಕೆ 35ರಷ್ಟು ಸಹಾಯಧನ ಕೊಡಲಾಯಿತು. ಈ ವರ್ಷ ಯಾವ ನೆರವು ಉಂಟೆಂಬುದನ್ನು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ, ಆಮೇಲೆ ಯಂತ್ರಕ್ಕೆ ಮುಂಗಡ ಕೊಡಿ.

ಆ ಮಹಿಳಾ ಸಂಘದವರು ಏನಾದರು ಎಂದು ನೀವು ಕೇಳಬಹುದು. ಮುಂದಿನ ಸುಗ್ಗಿಗೆ ಮತ್ತೆ ಸೇರಿದೆವು. ಬೆಳಗಿನ ತಂಪಿನಲ್ಲಿ ಸುಲಿದು, ನೆರಳಿನಲ್ಲಿ ಹರಡಿ, ತುಟಿ ಒರೆಸಿ, ತೂತಿನ ಚೀಲದಲ್ಲಿ ತುಂಬಿ, ಬೆಸುಗೆಯನ್ನು ಎಳೆದು ನೋಡಿ ಕಳಿಸಿದೆವು. ಅಂದು ಪೇರಿಸಿದ ಪೆಟ್ಟಿಗೆಗಳ ನಡುವೆ ಗಾಳಿಗೂ ಜಾಗ ಬಿಟ್ಟಿದ್ದೆವು. ಮೊದಲ ದಿನ ಹಿರಿಯಾಕೆ ತಾವೇ ಗಾಡಿಯ ಜೊತೆ ಹೋದರು. ಮರುದಿನ ಬೆಳಿಗ್ಗೆ ಅವರದೇ ಫೋನು: "ಕಾಳು ನೆಟ್ಟಗೈತೆ ಸ್ವಾಮಿ. ನಾಳೆ ಇನ್ನೂ ಐವತ್ತು ಚೀಲ ಕಳ್ಸಿ ಅಂತಾವ್ರೆ."

ನೀವೂ ಮೂರು ಚೀಲದ ಪರೀಕ್ಷೆಯಿಂದ ಆರಂಭಿಸಿ. ಕಂಡದ್ದನ್ನು ಬರೆದಿಟ್ಟುಕೊಂಡು, ಸಂಶಯ ಬಂದರೆ ನಿಮ್ಮ ಊರಿನ ವಿಸ್ತರಣಾಧಿಕಾರಿಯನ್ನು ಕರೆದು ತೋರಿಸಿ.